ಸಂಸ್ಥಾಪಕರ ಪ್ಯಾಂಟು

ಮೂರನೆಯ ಸಲ ಬಂದು ನೋಡಿದಾಗಲೂ ಪ್ಯಾಂಟು ಗಾಜಿನ ಪೆಟ್ಟಿಗೆಯೊಳಗೇ ಇತ್ತು.

ಕಳವಾಗಿರಬಹುದು ಎಂದು ಮೊರಿವಾಕಿ ಶುಯಿಚಿ ಬೆಳಗಿನಿಂದ ಆಸೆ ಇಟ್ಟುಕೊಂಡಿದ್ದ. ಬೆಂಕಿ ಎಂದರೆ ಅತಿಯಾಯಿತು; ನೀರು ಸೋರಿ ಗಾಜಿನೊಳಗೆ ಬೂಷ್ಟು ಹಿಡಿದಿದ್ದರೂ ಸಾಕಿತ್ತು. ಏನೂ ಆಗಿರಲಿಲ್ಲ. ಕಂಪನಿಯ ಮುಂಭಾಗದ ಹಜಾರದಲ್ಲಿ, ದೀಪಗಳ ಕೆಳಗೆ, ಪ್ಯಾಂಟು ಎಂದಿನಂತೆ ನಿಂತಿತ್ತು. ಒಳಗೆ ಕಾಣದ ಪ್ಲಾಸ್ಟಿಕ್ ಕಾಲುಗಳು. ಎಡ ಮಂಡಿ ಚೂರು ಮುಂದಕ್ಕೆ, ಹೊರಡಲು ಸಿದ್ಧವಾದವನಂತೆ.

ಅದು ಮೊರಿವಾಕಿಯ ಮಂಡಿ.

ಪೆಟ್ಟಿಗೆಯ ಕೆಳಗಿನ ಹಿತ್ತಾಳೆಯ ಫಲಕ ಬೇರೆ ಹೇಳುತ್ತಿತ್ತು: "ಸಂಸ್ಥಾಪಕ ತೊಕುನಾಗಾ ಇವಾವೊ ತೊಟ್ಟ ಮೊದಲ ಜೀನ್ಸ್." ಅದನ್ನು ಬರೆದವನೂ ಮೊರಿವಾಕಿಯೇ.

ಹತ್ತು ಗಂಟೆಗೆ ಇವಾವೊನ ಹೆಂಡತಿ ಹಿಸಾ ಬರುವವಳಿದ್ದಳು. ತೊಂಬತ್ತೊಂದು ವರ್ಷದ ಮುದುಕಿ. ಜೊತೆಗೆ ಒಸಾಕಾದಿಂದ ಸಾಗಾರಾ ಎಂಬ ಹಳೆ ಬಟ್ಟೆಗಳ ಪರೀಕ್ಷಕ. ಮಾಸಿದ ಜೀನ್ಸ್ ನೋಡಿ ತೊಟ್ಟವನ ಜಾತಕ ಹೇಳುತ್ತಾನೆಂದು ಹೆಸರಾದವನು. ಕ್ಯಾಮೆರಾದ ಮುಂದೆ ಅವನು ಪ್ಯಾಂಟನ್ನು ಓದಬೇಕು, ಅವಳು ಹೌದೆನ್ನಬೇಕು. ಜೀನ್ಸ್ ಹೊಲಿಯತೊಡಗಿ ಐವತ್ತು ವರ್ಷವಾಯಿತೆಂದು ಕಂಪನಿ ತೆಗೆಸುತ್ತಿದ್ದ ಚಿತ್ರದಲ್ಲಿ ಇದೊಂದು ಸಣ್ಣ ಭಾಗ.

ಇವಾವೊ ಬದುಕಿದ್ದಷ್ಟು ಕಾಲ ಜೀನ್ಸಿಗೆ ಕಾಲು ತೂರಿಸಿದವನಲ್ಲ. ಕಂಪನಿಯ ಚರಿತ್ರೆ ಬರೆಯುವುದೇ ಕೆಲಸವಾದ್ದರಿಂದ ಮೊರಿವಾಕಿಗೆ ಇದು ಗೊತ್ತಿತ್ತು. ಸಿಕ್ಕ ಫೋಟೋಗಳನ್ನೆಲ್ಲ ನೋಡಿದ್ದ. ಎಲ್ಲದರಲ್ಲೂ ಗೆರೆ ಮುರಿಯದ ಉಣ್ಣೆಯ ಪ್ಯಾಂಟು. ಇದನ್ನು ತಿಳಿದ ಇನ್ನೊಂದು ಜೀವ ಭೂಮಿಯ ಮೇಲಿದ್ದರೆ ಅದು ಆ ಪ್ಯಾಂಟುಗಳಿಗೆ ಇಸ್ತ್ರಿ ಹಾಕಿದವಳು.

ಅವಳು ಅಲ್ಲವೆಂದರೆ ಚಿತ್ರ ನಿಲ್ಲುತ್ತದೆ. ಫಲಕ ಇಳಿಯುತ್ತದೆ. ಫಲಕದ ಜೊತೆಗೆ ಅದನ್ನು ಬರೆದವನೂ ಇಳಿಯುತ್ತಾನೆ. ನಲವತ್ತೆಂಟು ವರ್ಷದ ಚರಿತ್ರೆಕಾರನನ್ನು ಕೊಜಿಮಾದಂಥ ಹೊಲಿಗೆಯ ಊರಿನಲ್ಲಿ ಇನ್ನಾರು ಕರೆದು ಕೂರಿಸುತ್ತಾರೆ.

ಹಾಗೆ ನೋಡಿದರೆ ಯಾರೂ ಸುಳ್ಳು ಹೇಳಿರಲಿಲ್ಲ.

ಕೊಜಿಮಾ ಸಮುದ್ರವನ್ನು ಹಿಂದೆ ಸರಿಸಿ ಪಡೆದ ನೆಲ. ಉಪ್ಪುಮಣ್ಣಿನಲ್ಲಿ ಭತ್ತ ಬಾರದೆ ಹತ್ತಿ ಬಂತು. ಹತ್ತಿಯಿಂದ ನೇಯ್ದ ಪಟ್ಟಿ, ಕಾಲುಚೀಲ, ಆಮೇಲೆ ಶಾಲಾ ಮಕ್ಕಳ ಸಮವಸ್ತ್ರ. ಸಿಂಥೆಟಿಕ್ ಬಟ್ಟೆ ಬಂದು ಹತ್ತಿಯ ಸಮವಸ್ತ್ರಕ್ಕೆ ಗಿರಾಕಿ ತಪ್ಪಿದಾಗ ಊರಿನ ಯಂತ್ರಗಳು ಕೈಕಟ್ಟಿ ನಿಂತವು. ಅಮೆರಿಕದಿಂದ ಡೆನಿಮ್ ತರಿಸಿ ಜೀನ್ಸ್ ಹೊಲಿದವರಲ್ಲಿ ಇವಾವೊ ಮೊದಲಿಗನೇನಲ್ಲ, ಮೂರನೆಯವನೋ ನಾಲ್ಕನೆಯವನೋ. ದಪ್ಪ ಬಟ್ಟೆಗೆ ಸೂಜಿಗಳು ಮುರಿದವು. ಹೊಲಿದದ್ದು ಹಲಗೆಯಂತೆ ಸೆಟೆದು ನಿಂತಿತು. ಒಗೆದು ಮೆತ್ತಗೆ ಮಾಡಿ ಮಾರಿದರು, ಕಾಲುವೆ ನೀಲಿಯಾಯಿತು.

ಆಗ ಬ್ರ್ಯಾಂಡಿಗೆ ಇಟ್ಟ ಹೆಸರು ಹ್ಯಾಂಕ್ ಮೋರ್ಟನ್. ಅಂಥ ಅಮೆರಿಕನ್ ಎಲ್ಲೂ ಇರಲಿಲ್ಲ. ಜಾಹೀರಾತಿನಲ್ಲಿ ಹುಲ್ಲುಕಡ್ಡಿ ಕಚ್ಚಿಕೊಂಡು ಬೇಲಿಗೆ ಒರಗಿ ನಿಂತಿದ್ದ, ಅಷ್ಟೆ. ಆದರೂ ಮೂವತ್ತು ವರ್ಷ ಕೆಲಸದವರ ಮನೆಗಳಿಗೆಲ್ಲ ಅನ್ನ ಹಾಕಿದ. ಸೂಪರ್‌ಮಾರ್ಕೆಟ್ಟಿನವರು ಈರುಳ್ಳಿಯ ಪಕ್ಕದಲ್ಲಿ ಅಗ್ಗದ ಜೀನ್ಸ್ ರಾಶಿ ಹಾಕತೊಡಗಿದಾಗ ಸತ್ತ.

"ಹ್ಯಾಂಕ್ ಹೋದ," ಎಂದಿದ್ದ ಆಗ ಅಧ್ಯಕ್ಷ ಕೆನ್ಸಾಕು. ಇವಾವೊನ ಮಗ. "ಈಗ ಜನಕ್ಕೆ ನಿಜವಾದ ಮನುಷ್ಯ ಬೇಕು. ಬಟ್ಟೆ ಯಾರು ಬೇಕಾದ್ರೂ ಹೊಲೀತಾರೆ ಕಣಯ್ಯ. ಅಪ್ಪ ನಮಗೆ ಮಾತ್ರ ಇದ್ದಾನೆ."

ಉಗ್ರಾಣದಲ್ಲಿ ಅಪ್ಪನ ಕಾಲದ ಡೆನಿಮ್ ಬಟ್ಟೆಯ ಒಂದು ಸುರುಳಿ ಉಳಿದಿತ್ತು. ಆ ಕಾಲದ ದಾರ, ಆ ಕಾಲದ ಯಂತ್ರ. ಒಂದೇ ಒಂದು ಪ್ಯಾಂಟು ಹೊಲಿಸಿದರು. ಹೊಸ ಜೀನ್ಸನ್ನು ಒಗೆಯದೆ ತೊಟ್ಟು ತೊಟ್ಟು, ಮೈಯ ಗುರುತು ಬಟ್ಟೆಗೆ ಇಳಿಯುವವರೆಗೆ ಕಾಯುವುದಕ್ಕೆ ಈ ಊರಿನಲ್ಲಿ ಬೆಳೆಸುವುದು ಎನ್ನುತ್ತಾರೆ. ಅಂಗಡಿಯಲ್ಲಿ ತೋರಿಸಲಿಕ್ಕೆ ಯಾರಾದರೂ ಬೆಳೆಸಬೇಕಿತ್ತು. ಕಚೇರಿಯಲ್ಲಿ ಇವಾವೊನ ಸೊಂಟದ ಅಳತೆಗೆ ಸರಿಹೊಂದಿದ್ದು ಮೊರಿವಾಕಿಯ ಸೊಂಟ.

ಮೂರು ವರ್ಷ ಬೆಳೆಸಿದ.

ಮೊದಲ ಕೈಪಿಡಿಯಲ್ಲಿ "ಸಂಸ್ಥಾಪಕರ ಕಾಲದ ಬಟ್ಟೆಯಿಂದ, ಅವರದೇ ಅಳತೆಗೆ ಹೊಲಿದು ಬೆಳೆಸಿದ ಜೀನ್ಸ್" ಎಂದು ಬರೆದಿದ್ದ. ಮರುವರ್ಷ ಜಾಗ ಸಾಲದೆ "ಸಂಸ್ಥಾಪಕರ ಕಾಲದ, ಅವರದೇ ಅಳತೆಯ ಜೀನ್ಸ್" ಎಂದಾಯಿತು. ಅದರ ಮರುವರ್ಷ, "ಸಂಸ್ಥಾಪಕರ ಜೀನ್ಸ್". ಫಲಕ ಕೆತ್ತುವವನು ಇಷ್ಟೇ ಸಾಲದು, ಹಿತ್ತಾಳೆ ಖಾಲಿ ಕಾಣುತ್ತದೆ ಎಂದ. ಹಾಗಾಗಿ ಇವಾವೊನ ಹೆಸರೂ "ತೊಟ್ಟ ಮೊದಲ" ಎಂಬ ಎರಡು ಪದವೂ ಸೇರಿದವು.

ಬಟ್ಟೆ ನಿಜ, ದಾರ ನಿಜ, ಅಳತೆ ನಿಜ. ಕಾಲು ಮಾತ್ರ ಬೇರೆ.

ಕ್ಯೋತೊದಲ್ಲಿ ಆರ್ಥಿಕ ಚರಿತ್ರೆ ಓದುವಾಗ, ಉಪ್ಪುನೆಲದ ಗೇಣಿದಾರರ ಮೇಲೆ ಮೊರಿವಾಕಿ ಬರೆದ ಪ್ರಬಂಧವನ್ನು ಓದಿ, ಈ ಹುಡುಗ ಆಧಾರವಿಲ್ಲದೆ ಒಂದು ಸಾಲನ್ನೂ ಬರೆಯುವುದಿಲ್ಲ ಎಂದು ಪ್ರಾಧ್ಯಾಪಕರು ಮೆಚ್ಚಿದ್ದರು. ಈಗಲೂ ಬರೆಯುತ್ತಿರಲಿಲ್ಲ. ಆಧಾರವನ್ನು ಮೊದಲು ಬೆಳೆಸಿಕೊಳ್ಳುತ್ತಿದ್ದ.

ಬೆಳಿಗ್ಗೆ ಹೆಂಡತಿ ಮಿಚಿಯೊ ಅವನ ಸೂಟಿನ ಪ್ಯಾಂಟಿಗೆ ಇಸ್ತ್ರಿ ಹಾಕುತ್ತ ಕೇಳಿದ್ದಳು:

"ಇವತ್ತಾ ಆ ಅಜ್ಜಿ ಬರೋದು?"

"ಹೂಂ."

"ಏನಂತಾಳೋ."

"ಏನಂದಾಳು. ಆ ವಯಸ್ಸಿಗೆ ಯಾವ ನೆನಪಿರುತ್ತೆ."

"ಗಂಡನ ಪ್ಯಾಂಟು ನೆನಪಿರುತ್ತೆ. ನಿಮ್ಮದು ನಂಗೆ ಮರೆತಿದ್ಯಾ? ಮೂರು ವರ್ಷ ಬಚ್ಚಲಮನೇಲಿ ಸೆಟ್ಕೊಂಡು ತಾನಾಗೇ ನಿಂತಿರ್ತಿತ್ತು. ದೀಪ ಹಾಕಿದ್ರೆ ಎದೆ ಧಸಕ್ ಅನ್ನೋದು. ಮನೇಲಿ ಇನ್ನೊಬ್ಬ ಗಂಡಸಿದಾನೆ ಅಂತ ನಮ್ಮಕ್ಕನ ಹತ್ರ ಹೇಳಿ ನಗಾಡಿದ್ದೆ."

"ಅಕ್ಕನಿಗೆ ಹೇಳಿದ್ಯಾ?"

"ಅಯ್ಯೋ, ತಮಾಷೆಗೆ." ಮಿಚಿಯೊ ಇಸ್ತ್ರಿಪೆಟ್ಟಿಗೆ ಎತ್ತಿ ಹಿಡಿದಳು. "ಇಲ್ಲಿ ನೋಡಿ, ಉಣ್ಣೆ ಮತ್ತೆ ಮಿಂಚ್ತಾ ಇದೆ. ಒದ್ದೆ ಬಟ್ಟೆ ಹಾಕಿ ಎಷ್ಟು ಒತ್ತಿದ್ರೂ ಹೋಗಲ್ಲ."

ಎಲ್ಲಿ ಎಂದು ಅವನು ನೋಡಲಿಲ್ಲ. ರೈಲಿನ ಹೊತ್ತಾಗಿತ್ತು. ಅಕ್ಕನಿಗೆ ಗೊತ್ತು ಎಂಬುದೊಂದೇ ತಲೆಯಲ್ಲಿ ಕೊರೆಯುತ್ತಿತ್ತು. ಅಕ್ಕ ಯಾರಿಗೆ ಹೇಳಿದ್ದಾಳು.

ಹಜಾರದ ಕಿಟಕಿಯಿಂದ ಬೀದಿ ಕಾಣುತ್ತಿತ್ತು. ಪ್ರವಾಸಿಗರಿಗೆಂದು ಬೀದಿಗೆ ಅಡ್ಡವಾಗಿ ತಂತಿ ಕಟ್ಟಿ ತೂಗುಬಿಟ್ಟ ಜೀನ್ಸುಗಳು ಸಮುದ್ರದ ಗಾಳಿಗೆ ಒದೆಯುತ್ತಿದ್ದವು. ಕೆಳಗೆ ಒಂದು ಕಾರು ನಿಂತಿತು.

ಹಿಸಾ ಗಾಲಿಕುರ್ಚಿಯಲ್ಲಿ ಬಂದಳು. ಕ್ಯಾಮೆರಾ ಇದ್ದುದರಿಂದ ಅದನ್ನು ಕೆನ್ಸಾಕು ತಾನೇ ತಳ್ಳುತ್ತಿದ್ದ. ಮುದುಕಿ ಒಣಗಿಸಿದ ಮೀನಿನಷ್ಟು ಹಗುರವಾಗಿ ಕಂಡಳು. ಕಣ್ಣು ಮಾತ್ರ ಒಣಗಿರಲಿಲ್ಲ. ಹಿಂದೆ ಸಾಗಾರಾ. ದಪ್ಪ ಮನುಷ್ಯ, ಒಸಾಕಾದ ವ್ಯಾಪಾರಿಯ ಚುರುಕು ಬಾಯಿ.

"ನೀವೇನಾ ಚರಿತ್ರೆಯವರು?" ಎಂದು ಮೊರಿವಾಕಿಗೆ ತಲೆಬಾಗಿಸಿದ. "ಯಾಕ್ರೀ, ಮದುವೆ ಗಂಡಿನ ಹಾಗೆ ಬೆವರ್ತಾ ಇದೀರಿ?"

"ದೀಪದ ಬಿಸಿ."

"ದೀಪ ಅಲ್ಲಿದೆ, ನೀವು ಇಲ್ಲಿದೀರಿ."

ಕೆನ್ಸಾಕು ನಕ್ಕ. ಮೊರಿವಾಕಿ ಬೀಗ ತೆಗೆದ. ಕೀಲಿಕೈ ಎರಡು ಸಲ ಜಾರಿತು.

ಸಾಗಾರಾ ಬಿಳಿ ಕೈಗವಸು ತೊಟ್ಟು ಪ್ಯಾಂಟನ್ನು ಪ್ಲಾಸ್ಟಿಕ್ ಕಾಲುಗಳಿಂದ ಬಿಡಿಸಿ ಮೇಜಿನ ಮೇಲೆ ಮಲಗಿಸಿದ, ಹೆಣ ಇಳಿಸುವವನ ನಾಜೂಕಿನಿಂದ. ಅಂಚು ತಿರುವಿದ. ಹೊಲಿಗೆಯ ಮೇಲೆ ಉಗುರು ಆಡಿಸಿದ. ಮೂಸಿದ.

"ಬಟ್ಟೆ ಆ ಕಾಲದ್ದೇ. ದಾರ ಹತ್ತೀದು. ಅದರಲ್ಲಿ ಮಾತಿಲ್ಲ." ಕ್ಯಾಮೆರಾದತ್ತ ತಿರುಗಿದ. "ಇನ್ನು ಮನುಷ್ಯ. ಅಜ್ಜಿ, ಇಲ್ಲಿ ತೊಡೆಸಂದಿನ ಈ ಗೆರೆಗಳಿಗೆ ನಾವು ಮೀಸೆ ಅಂತೀವಿ. ಇದು ನಡೆದು ಬಂದ ಮೀಸೆ ಅಲ್ಲ, ಕೂತು ಬಂದದ್ದು. ಓದ್ತಾ ಬರೀತಾ ಕೂರೋ ಮನುಷ್ಯ."

"ಲೆಕ್ಕಪತ್ರ ಎಲ್ಲಾ ಅಪ್ಪನೇ ನೋಡ್ಕೊಳ್ತಿದ್ರು," ಎಂದ ಕೆನ್ಸಾಕು.

"ಎಡಗಾಲು ಮುಂದು. ಈಗ ಹೊರಡ್ತೀನಿ, ಈಗ ಹೊರಡ್ತೀನಿ ಅನ್ನೋ ಥರ ನಿಲ್ತಿದ್ದ. ಹೊರಟಿರಲ್ಲ. ಹಿಮ್ಮಡಿ ಹತ್ರ ಅಂಚು ಸವೆದಿಲ್ಲ, ನೋಡಿ."

ಮೊರಿವಾಕಿಗೆ ತನ್ನ ಬಟ್ಟೆಯನ್ನು ಒಂದೊಂದಾಗಿ ಬಿಚ್ಚುತ್ತಿರುವಂತೆ ಅನಿಸಿತು. ಆದರೆ ಅವನ ಕಣ್ಣು ಬೇರೆ ಕಡೆ ಇತ್ತು: ಮುಂದಿನ ಬಲ ಜೇಬು. ಮೂರು ವರ್ಷವೂ ಅವನು ಮೊಬೈಲನ್ನು ಚೀಲದಲ್ಲೇ ಇಟ್ಟಿದ್ದ. ಕೊನೆಯ ಚಳಿಗಾಲದಲ್ಲಿ ತಾಯಿ ಆಸ್ಪತ್ರೆಯಲ್ಲಿದ್ದಾಗ ಮಾತ್ರ, ಕರೆ ತಪ್ಪಿಹೋದೀತೆಂದು ಜೇಬಿಗೆ ಹಾಕಿಕೊಳ್ಳುತ್ತಿದ್ದ. ಕರೆ ಬಂತು. ಅಷ್ಟರೊಳಗೆ ಬಟ್ಟೆಯ ಮೇಲೆ ಒಂದು ಉದ್ದನೆಯ ಚೌಕ ಮೂಡಿತ್ತು. ಇವಾವೊ ಸತ್ತಾಗ ಮೊಬೈಲ್ ಎಂಬುದು ಇನ್ನೂ ಹುಟ್ಟಿರಲಿಲ್ಲ.

ಸಾಗಾರಾನ ಬೆರಳು ಆ ಚೌಕದ ಮೇಲೆ ಬಂದು ನಿಂತಿತು.

ಕ್ಯಾಮೆರಾದವನು ಹತ್ತಿರ ಬಂದ. ಸಾಗಾರಾ ತಲೆ ಎತ್ತಿ ಮೇಜಿನ ಆಚೆಗಿದ್ದ ಮೊರಿವಾಕಿಯನ್ನು ನೋಡಿದ. ಅಗತ್ಯಕ್ಕಿಂತ ಒಂದು ರೆಪ್ಪೆ ಬಡಿಯುವಷ್ಟು ಹೆಚ್ಚು ಹೊತ್ತು.

"ಸಿಗರೇಟ್ ಪ್ಯಾಕು," ಎಂದ. "ಸೇದ್ತಿದ್ರಾ?"

ಎಲ್ಲರೂ ಹಿಸಾಳತ್ತ ತಿರುಗಿದರು. ಕೆನ್ಸಾಕು "ಅಪ್ಪ..." ಎಂದು ಶುರುಮಾಡಿ ನಿಲ್ಲಿಸಿದ.

"ಬಿಟ್ಟಿದೀನಿ ಅಂತಿದ್ರು," ಎಂದಳು ಹಿಸಾ.

ಕ್ಯಾಮೆರಾದವನೂ ನಕ್ಕ. ಮೊರಿವಾಕಿ ಎಲ್ಲರಿಗಿಂತ ತಡವಾಗಿ ನಕ್ಕ, ಎಲ್ಲರಿಗಿಂತ ತಡವಾಗಿ ನಿಲ್ಲಿಸಿದ.

ಇಲ್ಲಿಗೆ ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ಸಾಗಾರಾ ಮತ್ತೆ ಬಾಗಿದ. "ಇದೇನು?" ಎಂದ, ತನಗೆ ತಾನೇ. ಎರಡು ತೊಡೆಗಳ ಮೇಲೂ, ಮಂಡಿಗಿಂತ ಸ್ವಲ್ಪ ಮೇಲೆ, ಮೋಡದ ಹಾಗೆ ಮಸುಕಾದ ಎರಡು ಬಿಳಿ ಗುರುತು. ಮೊರಿವಾಕಿ ಅವನ್ನು ನೋಡಿದ್ದ. ಎಲ್ಲ ಜೀನ್ಸೂ ತೊಡೆಯಲ್ಲಿ ಬೆಳ್ಳಗಾಗುತ್ತವೆ ಎಂದು ಬಿಟ್ಟಿದ್ದ.

ಸಾಗಾರಾ ತನ್ನ ಅಂಗೈಗಳನ್ನು ಅವುಗಳ ಮೇಲೆ, ಮುಟ್ಟದೆ, ಗಾಳಿಯಲ್ಲಿ ಹಿಡಿದ. ಮೇಲಿನಿಂದ ಕೆಳಕ್ಕೆ ಎಳೆದ. ಮತ್ತೊಮ್ಮೆ ಎಳೆದ.

"ಕೆಲಸದಿಂದ ಆಗಿದ್ದಲ್ಲ. ಕೈ ಒರೆಸಿಕೊಂಡಿದ್ದು. ದಿನಾ, ದಿನಕ್ಕೆ ಎಷ್ಟೋ ಸಲ. ಹೀಗೆ ನೀಲಿ ಬಿಡಬೇಕು ಅಂದ್ರೆ ಅಂಗೈ ಒದ್ದೆ ಇರಬೇಕು." ನೆಟ್ಟಗೆ ನಿಂತ. ಅವನ ದನಿಯ ತಮಾಷೆ ಹೋಗಿತ್ತು. "ತಪ್ಪು ತಿಳೀಬೇಡಿ ಅಜ್ಜಿ. ಇದನ್ನ ತೊಟ್ಟೋನಿಗೆ ಭಯ ಇತ್ತು. ಒಂದು ದಿನದ ಭಯ ಅಲ್ಲ. ಎದ್ದಾಗಿಂದ ಮಲಗೋವರೆಗೂ ಭಯ."

ಕೆನ್ಸಾಕುವಿನ ಮುಖ ಬಿಗಿಯಿತು. ಕಂಪನಿಯ ಚರಿತ್ರೆಯ ಮೊದಲ ವಾಕ್ಯವೇ "ಇವಾವೊ ಯಾವುದಕ್ಕೂ ಅಂಜಿದವರಲ್ಲ" ಎಂದಿತ್ತು. ಬರೆದವನು ಮೊರಿವಾಕಿ.

ಅವನು ಕೆಳಗೆ ನೋಡಿದ. ಅವನ ಎರಡು ಅಂಗೈಗಳೂ ತೊಡೆಯ ಮೇಲಿದ್ದವು. ಯಾವಾಗ ಬಂದವೋ ತಿಳಿಯದು. ಬಿಸಿ ಹೆಂಚಿನ ಮೇಲಿಂದ ಎಂಬಂತೆ ತೆಗೆದ. ಯಾರೂ ನೋಡಿರಲಿಲ್ಲ. ಅಥವಾ ಎಲ್ಲರೂ ನೋಡಿದ್ದರು. ಇಷ್ಟು ವರ್ಷ ಎಷ್ಟು ಸಭೆಗಳಲ್ಲಿ, ಎಷ್ಟು ಜನರೆದುರು ಹೀಗೆ ಒರೆಸಿಕೊಂಡಿದ್ದಾನೆ. ಒಬ್ಬರೂ ಹೇಳಲಿಲ್ಲ.

"ಇಲ್ಲಿ ತನ್ನಿ," ಎಂದಳು ಹಿಸಾ.

ಪ್ಯಾಂಟನ್ನು ಅವಳ ಮಡಿಲಿಗೆ ತಂದರು. ಕೈಗವಸಿಲ್ಲದೆ ಮುಟ್ಟಿದಳು, ಸಾಗಾರಾ ಬೇಡವೆನ್ನಲಿಲ್ಲ. ಎರಡು ಬಿಳಿ ಗುರುತುಗಳ ಮೇಲೆ ಎರಡು ಅಂಗೈ ಇಟ್ಟು ಕಣ್ಣು ಮುಚ್ಚಿದಳು. ಮಲಗಿದಳೇನೋ ಎಂದು ಕೆನ್ಸಾಕು ಬಗ್ಗಿ ನೋಡಿದ.

"ಅವರದೇ," ಎಂದಳು. "ಅವರದೇ ಷರಾಯಿ."

ಮೊರಿವಾಕಿ ಸಮಾಧಾನಕ್ಕಾಗಿ ಕಾದ. ಅದು ಬರಲಿಲ್ಲ. ಶವಯಾತ್ರೆಯೊಂದು ಎದುರಾಗಿ, ದಾರಿ ಬಿಟ್ಟು ನಿಂತು, ಹೋದವರು ಯಾರೆಂದು ಕೇಳಿದರೆ ತನ್ನದೇ ಹೆಸರು ಹೇಳಿದಂತೆ ಇತ್ತು.

ಸಾಗಾರಾ ಕೈಗವಸು ಬಿಚ್ಚಿ, ಮೇಲಂಗಿ ಹಾಕಿಕೊಂಡು, ಹೊರಡುವಾಗ ಅವನ ಪಕ್ಕದಲ್ಲಿ ನಿಂತ.

"ಸಿಗರೇಟು ಬಿಡಿ ಮೊರಿವಾಕಿಯವರೇ," ಎಂದ ಮೆಲ್ಲಗೆ. "ಆರೋಗ್ಯಕ್ಕೆ ಒಳ್ಳೇದಲ್ಲ."

"ನಾನು ಸೇದಲ್ಲ."

"ಗೊತ್ತು."

ಕಾರಿನವರೆಗೆ ಕುರ್ಚಿ ತಳ್ಳಲು ಹಿಸಾ ಮಗನನ್ನು ಬಿಟ್ಟು ಮೊರಿವಾಕಿಯನ್ನು ಕರೆದಳು. ಉದ್ದನೆಯ ಓಣಿ. ಗೋಡೆಯ ಮೇಲೆ ಹುಲ್ಲುಕಡ್ಡಿ ಕಚ್ಚಿದ ಹ್ಯಾಂಕ್ ಮೋರ್ಟನ್‌ನ ಹಳೆಯ ಜಾಹೀರಾತುಗಳು.

"ಯಾವ ಕಡೆಯವರು ನೀವು?"

"ತಮಾನೊ ಕಡೆ."

"ಹತ್ತಿರಾನೇ." ಹಿಂದೆ ಉಳಿದ ಮಗನ ದನಿ ಕೇಳದಾಯಿತು. "ಆ ಷರಾಯಿನ ಅವರು ಯಾವತ್ತೂ ತೊಟ್ಟಿರ್ಲಿಲ್ಲ," ಎಂದಳು, ನಾಳೆ ಮಳೆ ಬರಬಹುದು ಎನ್ನುವವಳಂತೆ. "ಒಂದು ಸಲ ಹಾಕ್ಕೊಂಡು ನೋಡ್ರೀ ಅಂದಿದ್ದೆ. ಕೂಲಿಯೋರ ಬಟ್ಟೆ, ನಂಗ್ಯಾಕೆ ಅಂದ್ರು."

ಕುರ್ಚಿ ನಿಂತಿತು.

"ತಳ್ಳಿ, ತಳ್ಳಿ. ಯಾಕೆ ನಿಲ್ಸಿದ್ರಿ."

ಅವನು ತಳ್ಳಿದ.

"ದಿನಾ ಬೆಳಿಗ್ಗೆ ಅವರ ಉಣ್ಣೆ ಷರಾಯಿಗೆ ನಾನೇ ಇಸ್ತ್ರಿ ಹಾಕ್ತಿದ್ದೆ. ತೊಡೆ ಮೇಲೆ ಇಷ್ಟಿಷ್ಟಗಲ ಮಿಂಚ್ತಿರೋದು. ಒರೆಸಿ ಒರೆಸಿ. ಕೆಲಸದೋರ ಕಣ್ಣಿಗೆ ಬೀಳಬಾರದು ಅಂತ ಒದ್ದೆ ಬಟ್ಟೆ ಹಾಕಿ ಒತ್ತಿ ಒತ್ತಿ ಕಳೀತಿದ್ದೆ. ನನ್ನೊಬ್ಬಳಿಗೇ ಗೊತ್ತಿದ್ದಿದ್ದು. ಮಗನಿಗೂ ಗೊತ್ತಿಲ್ಲ." ಕುರ್ಚಿಯಲ್ಲೇ ಕುತ್ತಿಗೆ ತಿರುಗಿಸಿ ನೋಡಲು ಪ್ರಯತ್ನಿಸಿದಳು, ಕುತ್ತಿಗೆ ಅಷ್ಟು ತಿರುಗಲಿಲ್ಲ. "ನಿಮಗೆ ಯಾರು ಹೇಳಿದ್ದು?"

ನನ್ನದು ಅಜ್ಜಿ, ಅವರದಲ್ಲ ಎಂಬ ಮಾತು ಗಂಟಲವರೆಗೆ ಬಂತು. ಹಾಗೆಂದರೆ ನಿಮಗೇನಪ್ಪ ಭಯ ಎಂದು ಕೇಳುತ್ತಾಳೆ. ಅವನು ಹುಡುಕಿದ. ಇವತ್ತಿನದಕ್ಕೆ ಕಾರಣವಿತ್ತು. ನಿನ್ನೆಯದಕ್ಕೆ ಏನು? ಹೋದ ವರ್ಷದ್ದಕ್ಕೆ? ಕಾರಣಗಳೆಲ್ಲ ಆಮೇಲೆ ಬಂದು ಸೇರಿಕೊಂಡವು ಎನಿಸಿತು, ಹಿತ್ತಾಳೆಯ ಫಲಕದಲ್ಲಿ ಪದಗಳು ಸೇರಿಕೊಂಡ ಹಾಗೆ.

"ಯಾರೂ ಹೇಳಲಿಲ್ಲ."

"ಚೆನ್ನಾಗಿ ಮಾಡಿದೀರಿ. ಥೇಟ್ ಹಾಗೇ ಇದೆ."

"ಅಜ್ಜಿ, ಅವರಿಗೆ ಏನು ಭಯ ಇತ್ತು?"

ಹಿಸಾ ಯೋಚಿಸಿದಳು. ಒಬ್ಬ, ಇನ್ನೊಬ್ಬ ಹ್ಯಾಂಕ್ ಮೋರ್ಟನ್ ಹಿಂದಕ್ಕೆ ಸರಿದರು.

"ಎಲ್ಲಿ ಗೊತ್ತಾಗಿಬಿಡುತ್ತೋ ಅಂತ."

"ಏನು ಗೊತ್ತಾಗಿಬಿಡುತ್ತೆ ಅಂತ?"

"ಅದೇ. ಅದು ಅವರಿಗೂ ಗೊತ್ತಿರ್ಲಿಲ್ಲ."

ಕಾರಿನ ಬಾಗಿಲು ಮುಚ್ಚಿತು. ಗಾಜಿನ ಹಿಂದೆ ಮುದುಕಿ ಅವನಿಗೆ ತಲೆಬಾಗಿಸಿದಳು, ಕೈಗಳನ್ನು ತನ್ನ ಮಡಿಲಿನಲ್ಲಿಟ್ಟುಕೊಂಡು.

ಮಧ್ಯಾಹ್ನ ಕೆನ್ಸಾಕು ಅವನನ್ನು ತನ್ನ ಕೋಣೆಗೆ ಕರೆಸಿದ. ಮೇಜಿನ ಮೇಲೆ ಎರಡು ಡಬ್ಬಿ ಅನ್ನ. ಮೇಲೆ ಹೆಚ್ಚಿ ಬೇಯಿಸಿದ ಆಕ್ಟೋಪಸ್. ಅಧ್ಯಕ್ಷನ ಮುಖದ ಬಿಗಿ ಹೋಗಿ ಹೊಳಪು ಬಂದಿತ್ತು. ತಿನ್ನುವುದಕ್ಕಿಂತ ಹೆಚ್ಚು ಮಾತಾಡುತ್ತಿದ್ದ.

"ಮೊದಲು ಸಿಟ್ಟು ಬಂತು ಕಣಯ್ಯ. ಆಮೇಲೆ ಯೋಚನೆ ಮಾಡಿದೆ. ಧೈರ್ಯನ ಎಲ್ಲಾ ಕಂಪನಿಯವರೂ ಮಾರ್ತಾರೆ. ಪರ್ವತ ಹತ್ತೋರು, ಕುದುರೆ ಓಡಿಸೋರು. ಭಯ ಯಾರು ಮಾರಿದಾರೆ ಹೇಳು?"

"ಯಾರೂ ಇಲ್ಲ."

"ಇವತ್ತಿನ ಹುಡುಗರೆಲ್ಲಾ ಹೆದರ್ಕೊಂಡೇ ಇರ್ತಾರೆ. ಕೆಲಸ ಸಿಗುತ್ತೋ ಇಲ್ವೋ, ಹುಡುಗಿ ಸಿಗ್ತಾಳೋ ಇಲ್ವೋ. ಅವರಿಗೆ ಹೇಳೋದು: ನಮ್ಮಪ್ಪನೂ ಹೆದರಿದ್ದ. ಹೆದರ್ಕೊಂಡೇ ಇಷ್ಟು ಕಟ್ಟಿದ. ಎರಡು ಸಾವಿರ ಪ್ಯಾಂಟು ಹೊಲೀತೀವಿ. ಲೇಸರಿನಲ್ಲಿ ಅದೇ ಗುರುತು, ಅದೇ ಅಂಗೈ. ತೊಟ್ಟೋನು ಕೈ ಇಟ್ಟರೆ ಅಪ್ಪನ ಕೈ ಮೇಲೆ ಕೈ ಇಟ್ಟ ಹಾಗೆ. ನೀನು ಸಂಜೆಗೆ ಬರಹ ಕೊಡು. ಮಾದರಿ ತಯಾರಾಗ್ತಿದೆ, ಹೋಗಿ ನೋಡ್ಕೊಂಡು ಬಾ."

ಮೊರಿವಾಕಿ ಊಟದ ಕಡ್ಡಿಗಳನ್ನು ಕೆಳಗಿಟ್ಟ.

"ಅಧ್ಯಕ್ಷರೇ, ಆ ಪ್ಯಾಂಟನ್ನ ಬೆಳೆಸಿದ್ದು ನಾನು."

"ಏನು?"

"ನೀವೇ ಹೇಳಿದ್ರಿ, ನಿನ್ನ ಸೊಂಟ ಅಪ್ಪನದೇ ಅಳತೆ ಅಂತ. ಮೂರು ವರ್ಷ ತೊಟ್ಟೆ. ಗುರುತು ನನ್ನವು."

ಕೆನ್ಸಾಕು ಅಗಿಯುವುದನ್ನು ನಿಲ್ಲಿಸಿ ಅವನನ್ನೇ ನೋಡಿದ. ಆ ನೋಟದಲ್ಲಿ ಕಪಟ ಇದ್ದಿದ್ದರೆ ಮೊರಿವಾಕಿಗೆ ಎಷ್ಟೋ ನೆಮ್ಮದಿಯಾಗುತ್ತಿತ್ತು. ಇರಲಿಲ್ಲ. ಮನುಷ್ಯ ನಿಜಕ್ಕೂ ನೆನಪಿಸಿಕೊಳ್ಳಲು ಒದ್ದಾಡುತ್ತಿದ್ದ.

"ನೀನು ಬೆಳೆಸಿದ್ದು ಅಂಗಡಿಗೆ ಅಂತ ಮಾಡಿದ್ದ ಇನ್ನೊಂದು ಪ್ಯಾಂಟು ಅಲ್ವೇನಯ್ಯ?"

"ಇನ್ನೊಂದು ಪ್ಯಾಂಟು ಇರಲಿಲ್ಲ."

"ಇತ್ತು, ಇತ್ತು. ಎಲ್ಲೋ ಮಾರಿರ್ಬೇಕು. ಅಮ್ಮನೇ ಗುರುತು ಹಿಡಿದ್ಲಲ್ಲಪ್ಪ. ಅಮ್ಮಂಗಿಂತ ನಿಂಗೆ ಗೊತ್ತಾ?" ನಕ್ಕು ಡಬ್ಬಿಯನ್ನು ಅವನತ್ತ ಸರಿಸಿದ. "ತಿನ್ನು. ನೀನು ಬಹಳ ಕೆಲಸ ಮಾಡ್ತೀಯ, ಅದೇ ನಿನ್ನ ರೋಗ."

ಮೊರಿವಾಕಿ ತಿಂದ. ಆಕ್ಟೋಪಸ್ ಹಲ್ಲಿಗೆ ರಬ್ಬರಿನಂತೆ ಸಿಕ್ಕಿತು. ಇನ್ನೊಂದು ಪ್ಯಾಂಟು ಇತ್ತೇ? ಮನೆಗೆ ಹೋದಮೇಲೆ ಮಿಚಿಯೊಳನ್ನು ಕೇಳಬಹುದು. ಅವಳೂ ಇತ್ತು ಎಂದರೆ?

ಐದಕ್ಕೆ ಸ್ವಲ್ಪ ಮುಂಚೆ ಅವನು ಹೋದ ಲೇಸರಿನ ಕಾರ್ಯಾಗಾರ ಕಾಲುವೆಯ ಪಕ್ಕದ ತಗಡಿನ ಕಟ್ಟಡ. ಮೊದಲು ಜೀನ್ಸಿಗೆ ಮುಪ್ಪು ತರಲು ಹೆಂಗಸರು ಮರಳುಕಾಗದ ಹಿಡಿದು ತಿಕ್ಕುತ್ತಿದ್ದರು. ಈಗ ಬೆಳಕು ಅದೇ ಕೆಲಸವನ್ನು ಉಸಿರು ಬಿಡುವಷ್ಟರಲ್ಲಿ ಮುಗಿಸುತ್ತದೆ. ಒಳಗೆ ಸುಟ್ಟ ಹತ್ತಿಯ ವಾಸನೆ. ಯಂತ್ರ ನಡೆಸುವ ಫುಜೀ ಎಂಬ ಹೆಂಗಸು ಕನ್ನಡಕ ಹಣೆಗೇರಿಸಿ ಬಂದಳು.

"ಬನ್ನಿ ಬನ್ನಿ. ನಿಮ್ಮ ಪುಕ್ಕಲು ಪ್ಯಾಂಟು ರೆಡಿ ಇದೆ."

ಕಾರ್ಯಾಗಾರದ ಉದ್ದಕ್ಕೂ ಗಾಳಿ ತುಂಬಿದ ರಬ್ಬರಿನ ಕಾಲುಗಳು ಸಾಲಾಗಿ ನಿಂತಿದ್ದವು. ಸೊಂಟದವರೆಗೆ ಮಾತ್ರ, ಮೇಲೆ ಏನಿಲ್ಲ. ಪ್ರತಿಯೊಂದಕ್ಕೂ ಒಂದೊಂದು ಹೊಸ ಜೀನ್ಸ್. ಕೆಳಗಿನಿಂದ ಕೊಳವೆಗಳು ಗಾಳಿ ಊದುತ್ತಿದ್ದವು. ಎಲ್ಲದರ ತೊಡೆಯ ಮೇಲೂ ಎರಡೆರಡು ಬಿಳಿ ಗುರುತು. ಎಲ್ಲದರ ಎಡ ಮಂಡಿಯೂ ಚೂರು ಮುಂದೆ. ಬಲ ಜೇಬಿನ ಮೇಲೆ ತಾಯಿಯ ಕೊನೆಯ ತಿಂಗಳು, ಉದ್ದನೆಯ ಚೌಕ.

"ಸಿಗರೇಟ್ ಪ್ಯಾಕು ಚೆನ್ನಾಗಿ ಬಂದಿದೆ ಅಲ್ವಾ?" ಎಂದಳು ಫುಜೀ. "ಅಂಗೈಯದೇ ಅನುಮಾನ. ಇಟ್ಟು ನೋಡಿ."

ಮೊರಿವಾಕಿ ಬಗ್ಗಿ ಹತ್ತಿರದ ಪ್ಯಾಂಟಿನ ಮೇಲೆ ಅಂಗೈ ಇಟ್ಟ. ಅಂಚಿಗೆ ಅಂಚು ಕೂತಿತು. ಒಳಗಿನ ಗಾಳಿ ಅವನ ಕೈಯನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿತು, ಜೀವವಿದ್ದ ಹಾಗೆ.

"ಸರಿಯಾಗಿ ಕೂತಿದೆ," ಎಂದ.

"ಹೌದಲ್ವಾ? ನಂದೂ ಕೂತ್ಕೊಳ್ತು." ಫುಜೀ ಪಕ್ಕದ ಪ್ಯಾಂಟಿನ ಮೇಲೆ ತನ್ನ ಸಣ್ಣ ಕೈಗಳನ್ನಿಟ್ಟು ತೋರಿಸಿದಳು. "ಈಗ ಸ್ವಲ್ಪ ಹೊತ್ತಿನ ಮುಂಚೆ ಪಾರ್ಸೆಲ್ ತಗೊಳ್ಳೋಕೆ ಬಂದಿದ್ದೋನ್ದೂ ಕೂತ್ಕೊಳ್ತು. ಯಾರದು ಇಟ್ರೂ ಕೂತ್ಕೊಳ್ಳುತ್ತೆ."

ಅವನು ಕೈ ತೆಗೆದ. ಹೊಸ ನೀಲಿಯ ಮೇಲೆ ಎರಡು ಒದ್ದೆ ಅಂಗೈ ಉಳಿದವು. ಫುಜೀ ನೋಡಿದಳು. ತನ್ನ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡಳು.

ಹೊರಗೆ ಊರಿನ ಧ್ವನಿವರ್ಧಕಗಳಲ್ಲಿ ಸಂಜೆ ಐದರ ರಾಗ ಶುರುವಾಯಿತು, ಮಕ್ಕಳು ಮನೆಗೆ ಹೋಗಲೆಂದು ದಿನವೂ ನುಡಿಸುವುದು.

"ಮುಚ್ಚೋ ಹೊತ್ತಾಯ್ತು," ಎಂದು ಫುಜೀ ಗೋಡೆಯ ಹತ್ತಿರ ಹೋಗಿ ಸ್ವಿಚ್ಚು ಆರಿಸಿದಳು.

ಗಾಳಿಯ ಸದ್ದು ನಿಂತಿತು. ಆಮೇಲೆ ಎಲ್ಲೆಡೆಯಿಂದ, ತುಂಬ ಸಣ್ಣಗೆ, ಉಸಿರು ಬಿಡುವ ಸದ್ದು. ಮೊದಲ ಸಾಲಿನ ಕಾಲುಗಳ ಎಡ ಮಂಡಿ ಮಡಚಿಕೊಂಡಿತು. ಆಮೇಲೆ ಬಲ ಮಂಡಿ. ಎರಡನೆಯ ಸಾಲು. ಮೂರನೆಯದು. ಒಂದಾದ ಮೇಲೊಂದು ಅವು ಅವನೆದುರು ನೆಲಕ್ಕೆ ಮಂಡಿಯೂರಿ ಕುಳಿತವು, ಬೆಳ್ಳನೆಯ ಅಂಗೈಗಳನ್ನು ತೊಡೆಯ ಮೇಲೆ ಅಚ್ಚುಕಟ್ಟಾಗಿ ಇಟ್ಟುಕೊಂಡು, ಕ್ಷಮೆ ಕೇಳಲು ಬಂದವರು ಕೂರುವ ಹಾಗೆ. ತಲೆ ಇರಬೇಕಾದ ಕಡೆ ಯಾವುದಕ್ಕೂ ಏನೂ ಇರಲಿಲ್ಲ.

ಮೊರಿವಾಕಿ ತನ್ನ ಕೈಗಳನ್ನು ಮೈಯಿಂದ ದೂರ, ಗಾಳಿಯಲ್ಲಿ ಹಿಡಿದು ನಿಂತಿದ್ದ. ಅವುಗಳಿಂದ ನೀರು ಇಳಿಯುತ್ತಿತ್ತು. ಎಲ್ಲಿ ಒರೆಸಿಕೊಳ್ಳುವುದೆಂದು ತಿಳಿಯಲಿಲ್ಲ.